ತುಕ್ಕು ಹಿಡಿದ ಹಳೇ ಗಾಡಿ: ಹಾಟ್ ರಾಡ್ ಮಾಡಬೇಕಾ, ಇದ್ದ ಹಾಗೇ ಉಳಿಸಬೇಕಾ?

ಅಣ್ಣಿಗೇರಿ ಹತ್ತಿರದ ನಮ್ಮೂರಲ್ಲಿ, ಕಾಕಾನ ದನದ ಕೊಟ್ಟಿಗೆಯ ಮೂಲೆಯಲ್ಲಿ, 1968ರ ಅಂಬಾಸಿಡರ್ ಒಂದು ಇಪ್ಪತ್ತು ವರ್ಷಕ್ಕೂ ಜಾಸ್ತಿ ನಿಂತಿತ್ತು. ಮೇಲೆ ಹೊಟ್ಟಿನ ಚೀಲ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. "ಒಯ್ಯಪಾ, ನಿನ್ನ ಕೈಯಾಗರ ಒಂದ ದಾರಿಗೆ ಬರ್ಲಿ" ಅಂತ ಕಾಕಾ ಕೀಲಿ ಕೊಟ್ಟರು. ಅದಾಗಿ ಎರಡು ತಿಂಗಳಿಗೆ ಮುಂಡರಗಿ ಕಡೆಯ ಕಲ್ಲಿನ ಕ್ವಾರಿಯಲ್ಲಿ ಒಂದು ಹಳೇ ಮಹೀಂದ್ರಾ ಜೀಪು ಗುಜರಿ ರೇಟಿಗೆ ಸಿಕ್ಕಿತು. ಬಾಡಿ ಪೂರ್ತಿ ಕೊಳೆತಿತ್ತು, ಚಾಸಿ, ಅಂದರೆ ಬಾಡಿ ಹೊರುವ ಕೆಳಗಿನ ಚೌಕಟ್ಟು, ಮಾತ್ರ ಕಲ್ಲಿನ ಹಾಗೆ ಗಟ್ಟಿ. ಹುಬ್ಬಳ್ಳಿಯ ಗೋಕುಲ ರೋಡಿನ ಹಿಂದಿರುವ ನಮ್ಮ ಶೆಡ್ಡಿನಲ್ಲಿ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದೆ.

ಒಂದನ್ನು ಹಾಟ್ ರಾಡ್ ಮಾಡಿದೆ. ಹಾಟ್ ರಾಡ್ ಅಂದರೆ ಹಳೇ ಗಾಡಿಯನ್ನು ಕತ್ತರಿಸಿ, ಭಾರ ಇಳಿಸಿ, ಶಕ್ತಿಯ ಎಂಜಿನ್ ಹಾಕಿ ಓಟಕ್ಕೆ ತಯಾರು ಮಾಡಿದ್ದು. ಇನ್ನೊಂದರಲ್ಲಿ ಕೊಳೆತ ತಗಡು ಬಿಟ್ಟು ಬೇರೆ ಎಲ್ಲಿಗೂ ಗ್ರೈಂಡರ್ ಬ್ಲೇಡು ತಾಗಿಸಲಿಲ್ಲ. ಯಾವುದನ್ನು ಕತ್ತರಿಸಬೇಕು, ಯಾವುದನ್ನು ಬಿಡಬೇಕು ಅಂತ ನಮ್ಮ ಕಡೆಯ ಹುಡುಗರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ನನಗೆ ಗೊತ್ತಿದ್ದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹಾಟ್ ರಾಡ್ ಎಲ್ಲಿಂದ ಬಂತು ಅಂತ ತಿಳಿದರೆ ಅರ್ಧ ನಿರ್ಧಾರ ಆದಂತೆಯೇ. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮುರಾಕ್, ಎಲ್ ಮಿರಾಜ್ ಅನ್ನೋ ಒಣಗಿದ ಕೆರೆ ಅಂಗಳಗಳಿದ್ದವು. ಚಪ್ಪಟೆ, ಗಟ್ಟಿ ನೆಲ. ಹುಡುಗರು ಅಲ್ಲಿ ಹಳೇ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಗಾಡಿಗಳನ್ನು ಓಡಿಸುತ್ತಿದ್ದರು. ಮಡ್‌ಗಾರ್ಡ್ ಕಿತ್ತು, ಬಂಪರ್ ಕಿತ್ತು, ಭಾರ ಇಳಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ 221 ಘನ ಇಂಚಿನ, 65 ಅಶ್ವಶಕ್ತಿಯ ವಿ8 ಎಂಜಿನ್ ತಂದಿತು. ಸಾಮಾನ್ಯ ಜನ ಕೊಳ್ಳುವ ಗಾಡಿಯಲ್ಲಿ ಎಂಟು ಸಿಲಿಂಡರ್! ಮುಂದೆ ಅದು ಗುಜರಿಗೆ ಬಂದಾಗ ಹುಡುಗರು ಅದನ್ನೇ ಎತ್ತಿ ಇನ್ನೂ ಹಳೇ ಗಾಡಿಗಳಿಗೆ ಹಾಕಿದರು. 1937ರಲ್ಲಿ ಈ ಓಟಗಳಿಗೆ ಟೈಮ್ ಹಿಡಿಯಲು ಒಂದು ಸಂಘವೂ ಶುರುವಾಯಿತು.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಅವರು ಕತ್ತರಿಸಿದ್ದು ಅವರ ಕಡೆ ಬೀದಿಗೊಂದು ಬಿದ್ದಿದ್ದ ಅಗ್ಗದ ಗಾಡಿಗಳನ್ನು. ಎರಡು, ಆ ಗಾಡಿಗಳಿಗೆ ಚಾಸಿ ಬೇರೆ, ಬಾಡಿ ಬೇರೆ. ಬಾಡಿ ಎತ್ತಿ ಆಚೆ ಇಟ್ಟರೂ ಕೆಳಗೆ ಒಂದು ಗಾಡಿ ನಿಂತಿರುತ್ತಿತ್ತು. ನಮ್ಮ ಕಡೆ ಹಳೇ ಕಾರು ಅಂದರೆ ಈ ಎರಡೂ ಮಾತು ಬಹಳ ಸಲ ಸುಳ್ಳು.

ಕಾಗದದಿಂದ ಶುರು ಮಾಡಿ

ಯಾರೂ ಇಲ್ಲಿಂದ ಶುರು ಮಾಡುವುದಿಲ್ಲ. ಎಲ್ಲರೂ ಎಂಜಿನ್ನಿಂದ ಶುರು ಮಾಡುತ್ತಾರೆ. ಆದರೆ ಗಾಡಿ ಮುಂದೆ ರೋಡಿಗೆ ಇಳಿಯುತ್ತೋ ಇಲ್ವೋ ಅನ್ನೋದು ಇಲ್ಲೇ ತೀರ್ಮಾನ ಆಗುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಏನು ಹೇಳುತ್ತದೆ ಅಂದರೆ, ಕಂಪನಿ ಮಾಡಿದ ಗಾಡಿಗೂ ಆರ್‌ಸಿಯಲ್ಲಿ ಬರೆದ ವಿವರಕ್ಕೂ ತಾಳೆ ತಪ್ಪುವಂಥ ಬದಲಾವಣೆ ಮಾಡಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿ ಮಾಡಿತು. ಬಣ್ಣ ಬದಲಿಸಿ ಆರ್‌ಸಿಯಲ್ಲಿ ಬರೆಸಬಹುದು. ಸಣ್ಣಪುಟ್ಟ ಫಿಟ್ಟಿಂಗ್ ಹಾಕಬಹುದು. ಟಾಪ್ ಕತ್ತರಿಸಿ ಗಿಡ್ಡ ಮಾಡುವುದು, ಚಾಸಿ ಕೊಯ್ಯುವುದು, ಮಡ್‌ಗಾರ್ಡ್ ಇಲ್ಲದೆ ಚಕ್ರ ಬಿಟ್ಟುಕೊಂಡು ಓಡಾಡುವುದು ನಡೆಯುವುದಿಲ್ಲ. ಪೂರ್ತಿ ಹಾಟ್ ರಾಡ್ ಅಂದರೆ ನಿಮ್ಮ ಹೊಲದ ದಾರಿ, ನಿಮ್ಮ ಸ್ವಂತ ಜಾಗ, ಪ್ರದರ್ಶನದ ಮೈದಾನ ಅಷ್ಟೇ. ಅಲ್ಲಿಗೂ ಟೆಂಪೋ ಮೇಲೆ ಹೇರಿಕೊಂಡೇ ಹೋಗಬೇಕು. ಇದನ್ನು ಒಪ್ಪಿಕೊಂಡವರು ಮಾತ್ರ ಆ ದಾರಿ ಹಿಡಿಯಿರಿ.

ಇನ್ನೊಂದು ಕಡೆ, ಹಳೇ ಗಾಡಿಗೆ ಒಳ್ಳೆಯ ಬಾಗಿಲೊಂದು ತೆರೆದಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ಆಮೇಲೆ ನವೀಕರಣಕ್ಕೆ 5,000. ಹೊಸ ನಂಬರಿನಲ್ಲಿ ವಿಎ ಅನ್ನೋ ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇದ್ದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ದಿನಾ ಓಡಿಸಲು ಬರುವುದಿಲ್ಲ. ಪ್ರದರ್ಶನ, ರ್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಷ್ಟಕ್ಕೆ ಮಾತ್ರ. ಕಾಕಾನ ಅಂಬಾಸಿಡರ್ ಈ ಲೆಕ್ಕಕ್ಕೆ ಸರಿಯಾಗಿ ಬರುತ್ತಿತ್ತು. ಒಮ್ಮೆ ಕತ್ತರಿಸಿದ್ದರೆ ಆ ಹಕ್ಕು ಹೋಗುತ್ತಿತ್ತು. ನನ್ನ ಮನಸ್ಸು ಗಟ್ಟಿಯಾಗಿದ್ದು ಅಲ್ಲೇ.

ಹಳೇ ಕಾಗದ ಓದುವಾಗ ಒಂದು ನೆನಪಿರಲಿ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಆಗ ಗದಗ, ಹಾವೇರಿ ಕೂಡ ಧಾರವಾಡ ಜಿಲ್ಲೆಯವೇ. ಅದಕ್ಕೂ ಹಿಂದಿನ ಗಾಡಿಯ ಕಾಗದದಲ್ಲಿ ಮುಂಬೈ ರಾಜ್ಯದ ಮುದ್ರೆ ಕಂಡರೆ ನಕಲಿ ಅಂದುಕೊಳ್ಳಬೇಡಿ. ಆರ್‌ಸಿಯ ಚಾಸಿ ನಂಬರು, ಗಾಡಿಯ ಮೇಲೆ ಕೊರೆದ ನಂಬರು ಎರಡೂ ಒಂದೇನಾ ನೋಡಿ. ಅದು ಮುಖ್ಯ.

ಇವೆರಡರ ನಡುವೆ ಮೂರನೇ ದಾರಿಯೂ ಇದೆ. ಬಾಡಿ, ಚಾಸಿ ಮುಟ್ಟಬಾರದು. ಬೋಲ್ಟ್ ಬಿಚ್ಚಿದರೆ ಮೊದಲಿನ ಸ್ಥಿತಿಗೆ ಬರುವಂಥ ಕೆಲಸ ಮಾತ್ರ ಮಾಡಬೇಕು. ಒಳ್ಳೆಯ ಬಣ್ಣ, ಸೀಟು, ಮೀಟರ್ ಬೋರ್ಡು, ಚೊಕ್ಕವಾದ ಎಂಜಿನ್, ಕಂಪನಿ ಅಳತೆಯ ರಿಮ್. ಮನೆಯಲ್ಲಿ ಒಂದೇ ಹಳೇ ಗಾಡಿ ಇದೆ, ಅದನ್ನು ಆಗಾಗ ಉಣಕಲ್ ಕೆರೆಯವರೆಗೆ ಓಡಿಸಲೂ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಹಾಟ್ ರಾಡ್ ನೋಟದ ಸುಖ ಅರ್ಧದಷ್ಟಾದರೂ ಸಿಗುತ್ತದೆ, ನಾಳೆ ಮನಸ್ಸು ಬದಲಾದರೆ ವಾಪಸ್ ಬರಲೂಬಹುದು.

ಯಾವ ಗಾಡಿ?

ನಮ್ಮ ಮೂರು ಜಿಲ್ಲೆಗಳಲ್ಲಿ ನಿಮಗೆ ನಿಜವಾಗಿ ಸಿಗುವುದು ನಾಲ್ಕು: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜೀಪು, ಅಪರೂಪಕ್ಕೆ ಸ್ಟ್ಯಾಂಡರ್ಡ್ ಹೆರಾಲ್ಡ್. ಇವುಗಳಿಗಿಂತ ಹಿಂದಿನ ಷೆವ್ರೊಲೆ, ಫೋರ್ಡ್ ಸಿಕ್ಕರೆ ಕತ್ತರಿಸುವ ಮಾತೇ ಬೇಡ. ಷೆವ್ರೊಲೆ ಮಾಡುವ ಜನರಲ್ ಮೋಟಾರ್ಸ್ ಕಂಪನಿ 1928ರಿಂದಲೇ ಮುಂಬೈಯಲ್ಲಿ ಗಾಡಿ ಜೋಡಿಸುತ್ತಿತ್ತು. ಆ ಕಾಲದ್ದು ಈಗ ನಮ್ಮ ಕಡೆ ಸಿಗುವುದು ಬಹಳ ಅಪರೂಪ. ಅದನ್ನು ಹಾಗೇ ಉಳಿಸಿ.

ಅಂಬಾಸಿಡರ್ ನೋಡಲು ಆನೆಯ ಹಾಗಿದೆ, ಆದರೆ ಅದಕ್ಕೆ ಬೇರೆ ಚಾಸಿ ಇಲ್ಲ. ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ತಗಡಿನ ಬಾಡಿಯೇ ಗಾಡಿಯ ಬೆನ್ನೆಲುಬು. ನೆಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಸಿಲ್, ಕಂಬ, ಟಾಪು ಎಲ್ಲಾ ಸೇರಿಯೇ ಭಾರ ಹೊರುತ್ತವೆ. ಟಾಪ್ ಕತ್ತರಿಸಿದರೆ ನಡು ಬಾಗುತ್ತದೆ. ಬಾಗಿಲು ಹಾಕಲು ಬರುವುದಿಲ್ಲ. ಜೊತೆಗೆ ಮುಂದಿನ ಸಸ್ಪೆನ್ಶನ್ನಿನ ಟಾರ್ಶನ್ ಬಾರುಗಳು, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳುಗಳು, ಹಿಂದಕ್ಕೆ ಬಂದು ನೆಲದ ಕೆಳಗಿನ ಅಡ್ಡಪಟ್ಟಿಗೆ ಕೂತಿರುತ್ತವೆ. ಆ ಪಟ್ಟಿ ತುಕ್ಕು ತಿಂದಿದ್ದರೆ ಗಾಡಿಯ ಮುಂಭಾಗದ ಭಾರವೇ ಅದರ ಮೇಲೆ ನೇತಾಡುತ್ತಿದೆ ಅಂತ ಅರ್ಥ. ಬಿಡಿಭಾಗದ ವಿಷಯದಲ್ಲಿ ಮಾತ್ರ ಇದರ ಹಾಗೆ ಸುಲಭ ಯಾವುದೂ ಇಲ್ಲ. 2014ರವರೆಗೂ ತಯಾರಾದ ಗಾಡಿ ಅಲ್ವಾ.

ಪದ್ಮಿನಿ ಹಗುರ. ಸುಮಾರು 900 ಕಿಲೋ. ಫಿಯಟ್ 1100ರ ಮಗಳು, 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದ ಗೇರು. ಭಾರ ಕಡಿಮೆ ಇರುವುದರಿಂದ ಸ್ವಲ್ಪ ಶಕ್ತಿ ಹೆಚ್ಚಿಸಿದರೂ ಓಟ ಬದಲಾಗುತ್ತದೆ. ಇದೂ ಬೇರೆ ಚಾಸಿ ಇಲ್ಲದ್ದೇ. ಹಾಗಾಗಿ ಮೂರನೇ ದಾರಿಗೆ ಸರಿ, ಕತ್ತರಿಗೆ ಬೇಡ.

ಹೆರಾಲ್ಡ್ ಬೇರೆ ಜಾತಿ. ಚಾಸಿ ಪ್ರತ್ಯೇಕ, ಬಾಡಿ ತುಂಡುತುಂಡಾಗಿ ಬೋಲ್ಟಿನ ಮೇಲೆ ಕೂತಿದೆ. ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ, ಎಂಜಿನ್ ಪೂರ್ತಿ ಕೈಗೆ ಸಿಗುತ್ತದೆ. ಮನೆಯಲ್ಲಿ ಕೆಲಸ ಮಾಡುವವನಿಗೆ ಇದು ಸ್ವರ್ಗ. ಆದರೆ ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲ್ ಮೇಲಿವೆ, ಅಂದರೆ ಆಕ್ಸಲ್ಲಿನ ಎರಡು ಅರ್ಧಗಳೂ ನಡುವಿನಿಂದ ಬೇರೆ ಬೇರೆ ಮೇಲೆ ಕೆಳಗೆ ಆಡುತ್ತವೆ. ತಿರುವಿನಲ್ಲಿ ಜೋರಾಗಿ ಹೋಗಿ ಥಟ್ಟನೆ ಆಕ್ಸಲರೇಟರ್ ಬಿಟ್ಟರೆ ಚಕ್ರ ಒಳಕ್ಕೆ ಮಡಚಿಕೊಂಡು ಗಾಡಿ ತಿರುಗಿಬಿಡುತ್ತದೆ. ಅದಕ್ಕೆ ದೊಡ್ಡ ಎಂಜಿನ್ ಹಾಕುವುದು ಅಪಾಯ. ಜೊತೆಗೆ ನಮ್ಮಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು.

ಜೀಪು? ನೇರವಾದ ಏಣಿಯಂಥ ಚಾಸಿ. ಮುಂದೆ ಹಿಂದೆ ಲೀಫ್ ಸ್ಪ್ರಿಂಗ್. ಬಾಡಿ ಎತ್ತಿ ಬಿಸಾಕಿದರೂ ಓಡುತ್ತದೆ. ಮನೆಯಲ್ಲಿ ಹಾಟ್ ರಾಡ್ ಮಾಡಬೇಕು ಅನ್ನುವವರಿಗೆ ನನ್ನ ಉತ್ತರ ಇದೊಂದೇ. ಅದೂ ಬಾಡಿ ಸತ್ತ, ನೋಂದಣಿ ರದ್ದಾದ ಜೀಪು. ನಾನು ತಂದದ್ದು ಅಂಥದ್ದೇ. ಯಾರ ನೆನಪನ್ನೂ, ಯಾವ ಒಳ್ಳೆಯ ತಗಡನ್ನೂ ಕೊಯ್ಯಬೇಕಾಗಲಿಲ್ಲ.

ಗಾಡಿ ಎಲ್ಲಿ ನಿಂತಿತ್ತು ಅಂತ ಕೇಳಿ

ಮಾಡೆಲ್ಲಿಗಿಂತ, ವರ್ಷಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕಾರವಾರ, ಅಂಕೋಲಾ ಕಡೆಯ ಗಾಡಿ ಉಪ್ಪು ಗಾಳಿ ಕುಡಿದಿರುತ್ತದೆ. ಧಾರವಾಡದ ಗಾಡಿ ತಿಂಗಳುಗಟ್ಟಲೆ ಜಿಟಿಜಿಟಿ ಮಳೆಯಲ್ಲಿ ತೊಯ್ದಿರುತ್ತದೆ. ಗದಗ, ರೋಣ, ನರಗುಂದ ಕಡೆ ಗಾಳಿ ಒಣ. ಹಾಗಾಗಿ ಒಂದೇ ವರ್ಷದ ಎರಡು ಗಾಡಿ ಇದ್ದರೆ ನಾನು ಕಣ್ಣು ಮುಚ್ಚಿ ಗದಗಿನದ್ದನ್ನೇ ಆರಿಸುತ್ತೇನೆ. ಆದರೆ ಎರೆ ಮಣ್ಣಿನ ಮೇಲೆ ನೇರವಾಗಿ ನಿಂತಿತ್ತಾ ನೋಡಿ. ಎರೆ ನೀರು ಹಿಡಿದಿಟ್ಟುಕೊಂಡು ಕೆಳಗಿನಿಂದ ಆವಿ ಬಿಡುತ್ತಲೇ ಇರುತ್ತದೆ. ಕೊಟ್ಟಿಗೆಯಾದರೆ ಇನ್ನೂ ಕೆಟ್ಟದು. ಗಂಜಲ ಮತ್ತು ರಸಗೊಬ್ಬರದ ಚೀಲ ಎರಡೂ ಕಬ್ಬಿಣದ ವೈರಿಗಳು. ಕಾಕಾನ ಗಾಡಿಯಲ್ಲಿ ಗೋಡೆ ಕಡೆಯ ಸಿಲ್ ಹೊಸದರಂತೆ ಇತ್ತು. ಎಮ್ಮೆ ಕಟ್ಟುತ್ತಿದ್ದ ಕಡೆಯದು ಬೆರಳಿಟ್ಟರೆ ಹಪ್ಪಳದಂತೆ ಒಡೆಯುತ್ತಿತ್ತು.

ನೋಡಲು ಹೋಗುವಾಗ ಮೂರು ಸಾಮಾನು ಸಾಕು: ಟಾರ್ಚು, ದೊಡ್ಡ ಸ್ಕ್ರೂ ಡ್ರೈವರ್, ಹಳೇ ಸ್ಪೀಕರಿನ ಮ್ಯಾಗ್ನೆಟ್. ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಎಳೆಯುತ್ತಾ ಹೋಗಿ. ಎಲ್ಲಿ ಹಿಡಿತ ಬಿಡುತ್ತದೋ ಅಲ್ಲಿ ಬಣ್ಣದ ಕೆಳಗೆ ಪುಟ್ಟಿ ಇದೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ಸಿಲ್ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಒಳಗೆ ಪುಡಿ ಉದುರುವ ಸದ್ದು ಬರುತ್ತದೆ. ಕಾರ್ಪೆಟ್ ಎತ್ತಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಹತ್ತು ವರ್ಷದ ಹಿಂದೆ ಕರಾವಳಿಯ ಊರೊಂದರಿಂದ ಪದ್ಮಿನಿ ತಂದಿದ್ದೆ. ಮಾರಿದವರು ಹೊಸ ಬಣ್ಣ ಹೊಡೆಸಿ ಕನ್ನಡಿಯಂತೆ ಮಾಡಿ ಕೊಟ್ಟಿದ್ದರು. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟುವಷ್ಟರಲ್ಲಿ ನನ್ನ ಸೀಟು ಒಂದು ಕಡೆ ವಾಲಿತು. ಮನೆಗೆ ಬಂದು ಕಾರ್ಪೆಟ್ ಕಿತ್ತೆ. ನೆಲದ ತಗಡು ಇರಲೇ ಇಲ್ಲ. ಡಾಂಬರು ಹಚ್ಚಿದ ಗೋಣಿತಟ್ಟು, ಅದರ ಮೇಲೆ ರಿವೆಟ್ ಹೊಡೆದ ಎಣ್ಣೆ ಡಬ್ಬಿಯ ತಗಡು. ಸೀಟಿನ ಬೋಲ್ಟು ಅದರಲ್ಲಿ ಕೂತಿತ್ತು. ಹೆಂಡತಿ, ಮಗು ಇಬ್ಬರೂ ಆ ಗಾಡಿಯಲ್ಲಿದ್ದರು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ತುಕ್ಕು ತೆಗೆಯುವ ದಾರಿಗಳು

ಇಲ್ಲಿ ಆಯ್ಕೆ ಜಾಸ್ತಿ, ತಪ್ಪು ಮಾಡುವ ಅವಕಾಶವೂ ಜಾಸ್ತಿ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜುವುದು ಎಲ್ಲರೂ ಮಾಡುವ ಕೆಲಸ. ಬೇಗ ಆಗುತ್ತದೆ, ಆದರೆ ಗುಳಿಯೊಳಗಿನ ತುಕ್ಕು ಹೋಗುವುದಿಲ್ಲ, ಮೇಲೆ ಹೊಳಪು ಬಂದು ಹೋಗಿದೆ ಅಂತ ಅನಿಸುತ್ತದೆ ಅಷ್ಟೇ. ಹಳೇ ಬಣ್ಣದಲ್ಲಿ ಸೀಸ ಇರುವ ಸಂಭವ ಇದೆ. ಮಾಸ್ಕ್, ಕನ್ನಡಕ ಇಲ್ಲದೆ ಉಜ್ಜಲೇಬೇಡಿ.

ಬಚ್ಚಲು ತೊಳೆಯುವ ಆಸಿಡ್ ಹಾಕುವವರೂ ಇದ್ದಾರೆ. ಅದು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕು ಕಣ್ಣೆದುರೇ ಕರಗುತ್ತದೆ, ಆದರೆ ಜೋಡಣೆಗಳ ಸಂದಿಯಲ್ಲಿ ಕ್ಲೋರೈಡ್ ಉಳಿದು ಬಣ್ಣದ ಕೆಳಗೆ ಮತ್ತೆ ತುಕ್ಕು ಏಳುತ್ತದೆ. ಅದರ ಹೊಗೆಗೆ ಶೆಡ್ಡಿನಲ್ಲಿರುವ ಪಾನಾ, ಸುತ್ತಿಗೆಗಳಿಗೂ ತುಕ್ಕು ಬರುತ್ತದೆ. ಆಸಿಡ್ ಬೇಕೇ ಬೇಕು ಅಂದರೆ ಫಾಸ್ಫಾರಿಕ್ ಆಸಿಡ್ ತನ್ನಿ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡಿ ಕೂರಿಸುತ್ತದೆ. ಕಿತ್ತು ಹೊರಗೆ ತೆಗೆಯಲಾಗದ ನೆಲ, ಬೂಟಿನ ಮೂಲೆಗೆ ಇದೇ ಸರಿ.

ಕಿತ್ತು ತೆಗೆಯಬಹುದಾದ ಸಣ್ಣ ಭಾಗಗಳಿಗೆ ನನ್ನ ಪ್ರೀತಿಯ ದಾರಿ ಕರೆಂಟು. ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ, ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ. ಅಡುಗೆ ಸೋಡಾ ಅಲ್ಲ. ಕಬ್ಬಿಣದ ಸರಳೊಂದನ್ನು ಅಂಚಿಗೆ ಇಳಿಸಿ, ಬ್ಯಾಟರಿ ಚಾರ್ಜರಿನ ಪಾಸಿಟಿವ್ ಅದಕ್ಕೆ. ತುಕ್ಕಿನ ಭಾಗವನ್ನು ತಂತಿಯಲ್ಲಿ ತೂಗುಬಿಟ್ಟು ನೆಗೆಟಿವ್ ಅದಕ್ಕೆ. ಎರಡೂ ಒಂದಕ್ಕೊಂದು ತಾಗಬಾರದು. ಅದಲುಬದಲಾದರೆ ನಿಮ್ಮ ಒಳ್ಳೆಯ ಭಾಗವೇ ಕರಗುತ್ತದೆ. ಸ್ಟೀಲಿನ ಚಮಚ, ತಾಟು ಸರಳಿನ ಬದಲು ಹಾಕಬೇಡಿ. ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಸೇರುತ್ತದೆ.

ಅಂಬಾಸಿಡರಿನ ಬಲಗಡೆ ಮುಂಬಾಗಿಲ ಕೀಲನ್ನು ನಾನು ಹೀಗೆ ಇಳಿಸಿದೆ. ಅದು ಕೀಲು ಅಂತ ಗುರುತು ಸಿಗದಷ್ಟು ಉಂಡೆಗಟ್ಟಿತ್ತು. ಚಾರ್ಜರ್ ಹಾಕಿದ ಕೂಡಲೇ ಸುತ್ತಲೂ ಸಣ್ಣ ಸಣ್ಣ ಗುಳ್ಳೆ ಏಳಲು ಶುರುವಾಯಿತು, ಬಿಸಿ ಎಣ್ಣೆಗೆ ಸಂಡಿಗೆ ಬಿಟ್ಟ ಹಾಗೆ. ಸಂಜೆ ಹೊತ್ತಿಗೆ ನೀರ ಮೇಲೆ ಕಂದು ನೊರೆ. ಮಾರನೇ ದಿನ ಬೆಳಿಗ್ಗೆ ಎತ್ತಿದಾಗ ಮೇಲೆಲ್ಲಾ ಕಪ್ಪು ಮಸಿ. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿದೆ. ಮಸಿ ಕೆಳಗಿಂದ ಬೂದು ಕಬ್ಬಿಣ ಬಂತು, ಅದರ ಮೇಲೆ ಕೊರೆದ ಅಂಕಿ ಬಂತು, ಕೊನೆಗೆ ಪಿನ್ನು ತನ್ನಷ್ಟಕ್ಕೆ ತಿರುಗಿತು. ಐವತ್ತು ವರ್ಷದ ಹಿಂದೆ ಯಾರೋ ಅದಕ್ಕೆ ಹಾಕಿದ್ದ ಗ್ರೀಸ್ ಒಳಗೆ ಇನ್ನೂ ಜಿಡ್ಡಾಗೇ ಇತ್ತು.

ಆ ಗುಳ್ಳೆ ಹೈಡ್ರೋಜನ್. ಬಯಲಲ್ಲೇ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ, ಕ್ಲಿಪ್ ತೆಗೆಯುವ ಮೊದಲು ಸ್ವಿಚ್ ಆರಿಸಿ. ಸ್ಪ್ರಿಂಗ್, ಗಟ್ಟಿ ಸ್ಟೀಲಿನ ಬೋಲ್ಟುಗಳನ್ನು ಇದರಲ್ಲಿ ಹಾಕಬೇಡಿ. ಹೈಡ್ರೋಜನ್ ಒಳಸೇರಿ ಅವು ಗಾಜಿನಂತೆ ಮುರಿಯಬಹುದು. ಮತ್ತೆ, ಎತ್ತಿದ ಭಾಗ ಬರಿಮೈಯಲ್ಲಿರುತ್ತದೆ. ಧಾರವಾಡದ ಮಳೆಗಾಲದಲ್ಲಿ ಒಂದು ಗಂಟೆ ಬಿಟ್ಟರೂ ಹಳದಿ ಏರುತ್ತದೆ. ಒಣಗಿಸಿದ ಕೂಡಲೇ ಪ್ರೈಮರ್ ಹೊಡೆಯಿರಿ.

ಡ್ರಮ್ಮು, ಚಾರ್ಜರು ಇಲ್ಲದವರಿಗೆ ಕಾಕಂಬಿ (ಮೊಲಾಸಿಸ್) ಇದೆ. ದನದ ಮೇವಿಗೆ ಬೆರೆಸಲು ತರುತ್ತಾರಲ್ಲ, ಅದೇ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕನ್ನು ಮಾತ್ರ ತಿನ್ನುತ್ತದೆ, ಒಳ್ಳೆಯ ಕಬ್ಬಿಣಕ್ಕೆ ತೊಂದರೆ ಕೊಡುವುದಿಲ್ಲ. ಅಲ್ಯುಮಿನಿಯಂ ಭಾಗ ಹಾಕಬೇಡಿ, ಅದು ಹಾಳಾಗುತ್ತದೆ. ವಾಸನೆ ಬಹಳ, ಹಾಗಾಗಿ ಹಿತ್ತಲಿನ ಕೊನೆಯಲ್ಲಿಡಿ. ಗಡಿಬಿಡಿ ಇಲ್ಲದವರಿಗೆ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ.

ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಹೊಡೆದು ತುಕ್ಕು ಉದುರಿಸುವ ಸ್ಯಾಂಡ್ ಬ್ಲಾಸ್ಟಿಂಗನ್ನು ಚಾಸಿ, ಆಕ್ಸಲ್, ರಿಮ್ಮಿಗೆ ಮಾತ್ರ ಇಟ್ಟುಕೊಳ್ಳಿ. ಜೀಪಿನ ಚಾಸಿಯನ್ನು ನಾನು ಹೀಗೇ ಮಾಡಿಸಿದೆ, ಅರ್ಧ ದಿನದ ಕೆಲಸ. ತೆಳು ಬಾನೆಟ್ಟು, ಬಾಗಿಲಿಗೆ ಜೋರಾಗಿ ಹೊಡೆದರೆ ತಗಡು ಅಲೆಅಲೆಯಾಗಿ ಹಿಗ್ಗುತ್ತದೆ, ಆಮೇಲೆ ಯಾವ ಮಿಸ್ತ್ರಿಯ ಸುತ್ತಿಗೆಗೂ ಬಗ್ಗುವುದಿಲ್ಲ. ಹೊಳೆ ಮರಳು ಬಳಸುವ ಕಡೆ ಮಾಡಿಸಬೇಡಿ. ಆ ಸಿಲಿಕಾ ದೂಳು ಕೆಲಸದ ಹುಡುಗರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಸ್ಟೀಲ್ ಗ್ರಿಟ್ ಅಥವಾ ಗಾರ್ನೆಟ್ ಬಳಸುತ್ತೀರಾ ಅಂತ ಮೊದಲೇ ಕೇಳಿ.

ತೂತಿಗೆ ತಗಡಾ, ಪುಟ್ಟಿಯಾ?

ನಮ್ಮ ಮಿಸ್ತ್ರಿ ಒಂದೇ ಮಾತಲ್ಲಿ ಹೇಳಿದರು: "ಪುಟ್ಟಿ ಹಚ್ಚಿದ್ರ ಎರಡ ಮಳಿಗಾಲ್ರಿ ಸರ, ತಗಡ ಹಚ್ಚಿದ್ರ ನಿಮ್ಮ ಮಗಾ ಹೊಡೀತಾನ." ಪುಟ್ಟಿ ಇರುವುದು ಕೂದಲೆಳೆಯ ತಗ್ಗು ತುಂಬಲು. ತೂತು ಮುಚ್ಚಲು ಅಲ್ಲ. ಅದು ನೀರು ಹೀರುತ್ತದೆ, ಹಿಂದಿನಿಂದ ತುಕ್ಕು ಮುಂದುವರಿಯುತ್ತದೆ. ಫೈಬರ್ ಪಟ್ಟಿಯೂ ಅಷ್ಟೇ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡು ಕೂರಿಸಬೇಕು.

ವೆಲ್ಡಿಂಗಿನಲ್ಲಿ ಆರ್ಕ್ ತೆಳು ತಗಡಿಗೆ ಆಗುವುದಿಲ್ಲ, ತೂತು ಇನ್ನೂ ದೊಡ್ಡದಾಗುತ್ತದೆ. ಗ್ಯಾಸಿನಲ್ಲಿ ಶಾಖ ಹರಡಿ ತಗಡು ಸೊಟ್ಟಗಾಗುತ್ತದೆ, ಕೈ ಪಳಗಿದವರು ಮಾತ್ರ ಮಾಡಬೇಕು. ತೆಳು ತಂತಿ ತನ್ನಷ್ಟಕ್ಕೆ ಬರುವ ಮಿಗ್ ವೆಲ್ಡಿಂಗ್ ಇದ್ದವರ ಹತ್ತಿರ ಹೋಗಿ. ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಅಲ್ಲಿ, ನಡುವೆ ಆರಲು ಬಿಟ್ಟು ಹಾಕಿಸಿ. ಅಂಬಾಸಿಡರಿನ ಸಿಲ್ ಬದಲಿಸುವಾಗ ಬಾಗಿಲು ಕೂರಿಸಿಯೇ, ನಡುವಿಗೆ ಜ್ಯಾಕ್ ಕೊಟ್ಟೇ ಮಾಡಿದೆವು. ಇಲ್ಲದಿದ್ದರೆ ಗಾಡಿ ಬಾಗಿದ ಸ್ಥಿತಿಯಲ್ಲೇ ಗಟ್ಟಿಯಾಗಿಬಿಡುತ್ತದೆ. ಬ್ಯಾಟರಿ, ಪೆಟ್ರೋಲ್ ಟ್ಯಾಂಕು ಎರಡನ್ನೂ ಮೊದಲೇ ಕಳಚಿ ಹೊರಗಿಡಿ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಬೇಡವೇ ಬೇಡ. ಒಳಗಿನ ಆವಿ ಬಾಂಬಿನಂತೆ ಸಿಡಿಯುತ್ತದೆ.

ಎಂಜಿನ್, ಅದಕ್ಕೂ ಮೊದಲು ಬ್ರೇಕು

ಅಂಬಾಸಿಡರಿನ 1489 ಸಿಸಿ ಎಂಜಿನ್ ರಿಪೇರಿ ಮಾಡಿಸಲು ಹುಬ್ಬಳ್ಳಿ ಬಿಟ್ಟು ಹೋಗಬೇಕಾಗಿಲ್ಲ. ಕೈಗಾರಿಕಾ ವಾಲ್ವ್ ತಯಾರಿಕೆಗೆ ಹೆಸರಾದ ಊರು ನಮ್ಮದು. ಲೇತು, ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗ್ ಬಲ್ಲ ಕೈಗಳು ಗೋಕುಲ ರೋಡಿನಿಂದ ತಾರಿಹಾಳದವರೆಗೆ ಇವೆ. ವಿಂಟೇಜ್ ನೋಂದಣಿ ಬೇಕಾದರೆ ಇದೇ ಎಂಜಿನ್ ಇರಲಿ.

ಶಕ್ತಿ ಬೇಕು ಅನ್ನುವವರು 1990ರ ದಶಕದ ಅಂಬಾಸಿಡರಿಗೆ ಬಂದ ಇಸುಜು 1817 ಸಿಸಿ ಎಂಜಿನ್, ಐದು ಗೇರಿನ ಬಾಕ್ಸ್ ಹುಡುಕುತ್ತಾರೆ. ಹಳೇ ಅಂಬಾಸಿಡರಿಗೆ ಅದನ್ನು ಹಾಕುವುದು ಸುಲಭ ಅನಿಸಿದರೂ ಸಿಸಿ ಬದಲಾಗುತ್ತದೆ. ಆರ್‌ಟಿಒ ಕಚೇರಿಯಲ್ಲಿ ಕೇಳಿ, ಬರವಣಿಗೆಯಲ್ಲಿ ಒಪ್ಪಿಗೆ ಸಿಕ್ಕರೆ ಮಾತ್ರ ಕೈ ಹಾಕಿ. ಪದ್ಮಿನಿಯವರಿಗೆ ಪ್ರೀಮಿಯರ್ ಕಂಪನಿಯದೇ ಆದ 118 ಎನ್‌ಇ ಗಾಡಿಯ ನಿಸ್ಸಾನ್ 1171 ಸಿಸಿ ಎಂಜಿನ್ ಇದೆ. ಅದಕ್ಕೂ ಇದೇ ಮಾತು. ನಾನು ಇಸುಜುವನ್ನು ಜೀಪಿನ ಚಾಸಿಗೆ ಹಾಕಿದೆ. ಮುಂದಿನ ಚಕ್ರದ ಡ್ರೈವ್ ತೆಗೆದು ಭಾರ ಇಳಿಸಿದೆ. ಎಂಜಿನ್ನನ್ನು ಎಷ್ಟು ಹಿಂದಕ್ಕೆ, ಎಷ್ಟು ಕೆಳಕ್ಕೆ ಕೂರಿಸಲು ಬರುತ್ತದೋ ಅಷ್ಟು ಕೂರಿಸಿದೆ. ಹಾಟ್ ರಾಡಿನ ನಿಲುವು ಬರುವುದು ಅಲ್ಲಿಂದಲೇ.

ಆದರೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಬ್ರೇಕು ಮುಗಿಸಿದೆ. ಹಳೇ ಗಾಡಿಗಳಲ್ಲಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಹಾಟ್ ರಾಡಿಗೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಹೊಸ ಪೈಪು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಲೇಬೇಕು. ಬಜೆಟ್ಟಿನಲ್ಲಿ ಬಣ್ಣಕ್ಕೂ ಬ್ರೇಕಿಗೂ ಜಗಳ ಬಂದರೆ ಬಣ್ಣ ಬಿಡಿ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬರಿ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ, ಬಾಗಿಲ ಕೆಳಗಿನ ನೀರು ಹೋಗುವ ತೂತುಗಳನ್ನು ಮುಚ್ಚಬೇಡಿ. ಉಳಿದದ್ದು ನಿಮ್ಮ ಇಷ್ಟ.

ಜೀಪು ಹದಿನಾಲ್ಕು ತಿಂಗಳಲ್ಲಿ ಮುಗಿಯಿತು. ಊರಿನ ಹೊಲದ ದಾರಿಯಲ್ಲಿ ಓಡುತ್ತದೆ. ಅಂಬಾಸಿಡರಿಗೆ ಇನ್ನೂ ಎಡಗಡೆ ಹಿಂಬಾಗಿಲು, ಒಳಗಿನ ಹೊಲಿಗೆ ಕೆಲಸ ಬಾಕಿ ಇದೆ. ನೀವು ಗಾಡಿ ಹುಡುಕುತ್ತಿದ್ದರೆ ಬೇಸಿಗೆಯಲ್ಲಿ ಹೋಗಬೇಡಿ, ಆಗ ಎಲ್ಲಾ ಗಾಡಿಯೂ ಒಣಗಿ ಚೆನ್ನಾಗಿ ಕಾಣುತ್ತವೆ. ಶ್ರಾವಣದ ನಡುವೆ, ಮಳೆ ನಿಂತು ಒಂದು ಗಂಟೆಯೊಳಗೆ ಹೋಗಿ. ಕೆಳಗೆ ಹಾಸಿಕೊಂಡು ಮಲಗಲು ಒಂದು ಗೋಣಿಚೀಲ ಒಯ್ಯಿರಿ. ಮೊದಲು ಕಾರ್ಪೆಟ್ಟಿನ ಕೆಳಗೆ ಕೈ ಹಾಕಿ, ಒದ್ದೆ ಇದೆಯಾ ನೋಡಿ.